ಎತ್ತಿನ ಪಾಲಿನ ದನಿ

ಡ್ವೊರಾಕ್‌ನ 'ನ್ಯೂ ವರ್ಲ್ಡ್' ಸಿಂಫನಿ (1893) ಸುಮಾರು 40 ನಿಮಿಷಗಳ ಕೃತಿ. ಅದರಲ್ಲಿ ಟ್ಯೂಬಾ ವಾದಕನ ಪಾಲಿಗೆ ಬರುವುದು ಎರಡನೆಯ ಭಾಗದ ಕೆಲವೇ ಸ್ವರಗಳು. ಎಣಿಸಿದರೆ ಹದಿನೈದನ್ನು ಮುಟ್ಟುವುದಿಲ್ಲ. ಉಳಿದ ಹೊತ್ತೆಲ್ಲ ಆತ ಹಿಂದಿನ ಸಾಲಿನಲ್ಲಿ, ಸುಮಾರು ಹತ್ತು ಕಿಲೋ ತೂಗುವ ಹಿತ್ತಾಳೆಯ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರಬೇಕು.

1835ರಲ್ಲಿ ಬರ್ಲಿನ್‌ನಲ್ಲಿ ವೀಪ್ರೆಕ್ಟ್ ಎಂಬ ಮಿಲಿಟರಿ ಬ್ಯಾಂಡಿನ ಮುಖ್ಯಸ್ಥ ಮತ್ತು ವಾದ್ಯ ತಯಾರಕ ಮೊರಿಟ್ಸ್ ಸೇರಿ ಟ್ಯೂಬಾಕ್ಕೆ ಪೇಟೆಂಟ್ ಪಡೆದರು. ವಾದ್ಯವೃಂದದ ಹಿತ್ತಾಳೆ ವಾದ್ಯಗಳಲ್ಲಿ ಎಲ್ಲಕ್ಕಿಂತ ತಗ್ಗಿನ ಸ್ವರ ಇದರದು. ಮೇಲೆ ತುತ್ತೂರಿಗಳು ಮೆರೆಯುವುದು ಇದರ ಹೆಗಲ ಮೇಲೆ ನಿಂತು. ನಮ್ಮ ವಾಲಗದಲ್ಲಿ ಶ್ರುತಿ ಹಿಡಿಯುವವನನ್ನು, ಕವ್ವಾಲಿಯಲ್ಲಿ ಹಿಂದೆ ಕೂತು ಚಪ್ಪಾಳೆ ತಟ್ಟುವ ಹಮ್‌ನವಾಗಳನ್ನು ಯಾರು ಹೆಸರು ಹಿಡಿದು ವಿಚಾರಿಸುತ್ತಾರೆ? ಟ್ಯೂಬಾ ಅದೇ ಜಾತಿಯದು.

ನಮ್ಮ ತಕರಾರು ಇರುವುದು ಅದರ ಸುಮ್ಮನಿರುವಿಕೆಯ ಬಗ್ಗೆಯಲ್ಲ, ಅದು ಬಾಯಿ ತೆರೆದಾಗ ಸಿಗುವ ಪಾತ್ರಗಳ ಬಗ್ಗೆ. 1876ರಲ್ಲಿ ರಂಗಕ್ಕೆ ಬಂದ ವಾಗ್ನರ್‌ನ 'ಸೀಗ್‌ಫ್ರೀಡ್' ಒಪೆರಾದಲ್ಲಿ ನಿಧಿ ಕಾಯುವ ರಾಕ್ಷಸ ಸರ್ಪದ ದನಿ ಇದೇ. ಉಳಿದೆಡೆ ಕೋಡಂಗಿ. 1945ರ 'ಟಬ್ಬಿ ದ ಟ್ಯೂಬಾ' ಎಂಬ ಅಮೆರಿಕದ ಮಕ್ಕಳ ಕೃತಿಯಲ್ಲಿ, ತನಗೂ ಒಂದು ರಾಗ ಬೇಕೆಂದು ಹಂಬಲಿಸುವ ಟ್ಯೂಬಾವನ್ನು ಉಳಿದ ವಾದ್ಯಗಳು ನಗೆಯಾಡುತ್ತವೆ. ಕೊನೆಗೆ ಒಂದು ಕಪ್ಪೆ ಅದಕ್ಕೆ ರಾಗ ಕಲಿಸುತ್ತದೆ. ಒಳ್ಳೆಯ ಮನಸ್ಸಿನ ಕತೆ, ನಿಜ. ಆದರೆ ರಾಗ ಸಿಕ್ಕಿದ ಮೇಲಷ್ಟೇ ಮರ್ಯಾದೆ ಎನ್ನುವ ಅದರ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ಅಲ್ಲಿಯವರೆಗೆ ಊದಿದ್ದೇನು ಕೂಲಿಯೇ?

ಇಂಗ್ಲೆಂಡಿನ ವಾನ್ ವಿಲಿಯಮ್ಸ್ 81ರ ವಯಸ್ಸಿನಲ್ಲಿ ಟ್ಯೂಬಾಕ್ಕೆಂದೇ ಒಂದು ಕಾನ್ಸರ್ಟೊ ರಚಿಸಿದ (1954). ಮುದುಕನ ಚಪಲವೆಂದು ಮೂಗು ಮುರಿದವರೂ ಇದ್ದರು. ಅದರ ನಡುವಿನ 'ರೊಮಾಂಜಾ' ಭಾಗವನ್ನು ಕೇಳಬೇಕು: ಗಂಟಲು ದಪ್ಪನಾದ ಹಿರಿಯರೊಬ್ಬರು ಮನೆಯಲ್ಲಿ ಯಾರೂ ಇಲ್ಲದಾಗ ಹಾಡಿಕೊಂಡ ಹಾಗಿದೆ. ಕೊನೆಯ ಭಾಗ ಮಾತ್ರ ನಮಗೆ ರುಚಿಸಲಿಲ್ಲ. ಅಲ್ಲಿ ವಾದ್ಯಕ್ಕೆ ಮತ್ತೆ ಕುಣಿದು ನಗಿಸುವ ಕೆಲಸವೇ ಗಂಟುಬಿದ್ದಿದೆ.

ಆದರೂ ಟ್ಯೂಬಾದ ನಿಜವಾದ ಪರೀಕ್ಷೆ ನಡೆದಿರುವುದು ಮೂರು ನಿಮಿಷದ ಒಂದು ತುಣುಕಿನಲ್ಲಿ ಎಂದು ನಮ್ಮ ಅನಿಸಿಕೆ. ರಷ್ಯಾದ ಮುಸೋರ್ಗ್‌ಸ್ಕಿ 1874ರಲ್ಲಿ, ತೀರಿಕೊಂಡ ಗೆಳೆಯ ಹಾರ್ಟ್‌ಮನ್‌ನ ಚಿತ್ರಗಳ ನೆನಪಿಗೆ ಪಿಯಾನೋ ಕೃತಿಯೊಂದನ್ನು ಬರೆದ. ಅದರಲ್ಲೊಂದು ಚಿತ್ರ 'ಬಿಡ್ಲೊ': ಭಾರೀ ಚಕ್ರಗಳ ಪೋಲಿಷ್ ಎತ್ತಿನ ಗಾಡಿ. ಪೋಲಿಷ್‌ನಲ್ಲಿ ಆ ಪದಕ್ಕೆ ಜಾನುವಾರು ಎಂದರ್ಥ. ಮನುಷ್ಯರನ್ನು ಹೀಗಳೆಯುವುದಕ್ಕೂ ಅದೇ ಪದ. ಮುಸೋರ್ಗ್‌ಸ್ಕಿಯ ಹಸ್ತಪ್ರತಿಯಲ್ಲಿ ಈ ತುಣುಕು ಮೊದಲ ಸ್ವರದಿಂದಲೇ ಗಟ್ಟಿಯಾಗಿ ಶುರುವಾಗುತ್ತದೆ. ಗಾಡಿ ಎದೆಯ ಮೇಲೇ ಹತ್ತಿ ಬಂದಂತೆ. ಅವನು ತೀರಿಕೊಂಡ ಮೇಲೆ, 1886ರಲ್ಲಿ, ಅಚ್ಚಿಗೆ ಸಿದ್ಧಪಡಿಸಿದ ರಿಮ್‌ಸ್ಕಿ ಕೊರ್ಸಕೊವ್ ಇದು ಒರಟಾಯಿತೆಂದುಕೊಂಡನೋ ಏನೋ, ಆರಂಭವನ್ನು ಮೆತ್ತಗೆ ಮಾಡಿದ. 1922ರಲ್ಲಿ ಫ್ರಾನ್ಸಿನ ರಾವೆಲ್ ವಾದ್ಯವೃಂದಕ್ಕೆ ಅಳವಡಿಸಿದ್ದು ಈ ತಿದ್ದಿದ ಪ್ರತಿಯನ್ನೇ. ಹಾಗಾಗಿ ರಾವೆಲ್‌ನಲ್ಲಿ ಗಾಡಿ ದೂರದಿಂದ ಬರುತ್ತದೆ, ಹತ್ತಿರವಾಗುತ್ತದೆ, ಸಾಗಿಹೋಗುತ್ತದೆ. ಸೊಗಸಾದ ಏರ್ಪಾಡು, ಆದರೆ ಕೇಳುಗರಾದ ನಾವು ರಸ್ತೆ ಬದಿಯ ನೋಡುಗರಾಗಿಬಿಡುತ್ತೇವೆ. ಮುಸೋರ್ಗ್‌ಸ್ಕಿಯ ನೊಗ ನಮ್ಮ ಹೆಗಲಿಗೆ ಬೀಳುತ್ತಿತ್ತು.

ರಾವೆಲ್ ಮಾಡಿದ ದೊಡ್ಡ ಕೆಲಸವೆಂದರೆ ಆ ರಾಗವನ್ನು ಟ್ಯೂಬಾಕ್ಕೆ ಒಪ್ಪಿಸಿದ್ದು. ಇಲ್ಲಿಯೂ ಅದು ಪ್ರಾಣಿಯೇ, ಆದರೆ ಹೆದರಿಸುವುದಿಲ್ಲ, ನಗಿಸುವುದಿಲ್ಲ, ಎಳೆಯುತ್ತದೆ. ಎತ್ತರದ ಸ್ವರಗಳಲ್ಲಿ ವಾದಕನ ಉಸಿರು ಬಿಗಿಯುವುದು ಕೇಳಿಸುತ್ತದೆ. ಆ ಬಿಗಿತವೇ ಅರ್ಥ. ಆದರೆ ರಾವೆಲ್‌ನ ಮನಸ್ಸಿನಲ್ಲಿದ್ದದ್ದು ಫ್ರೆಂಚರ ಚಿಕ್ಕ ಟ್ಯೂಬಾ. ದೊಡ್ಡದರಲ್ಲಿ ಆ ಎತ್ತರ ಬಲು ಕಷ್ಟ. ಆದ್ದರಿಂದ ಹಲವು ವಾದ್ಯವೃಂದಗಳಲ್ಲಿ ಈ ಭಾಗ ಬಂದಾಗ ದೊಡ್ಡ ವಾದ್ಯವನ್ನು ಪಕ್ಕಕ್ಕಿಟ್ಟು, ನಮ್ಮ ಮದುವೆ ಬ್ಯಾಂಡಿನವರೂ ಊದುವ ಯೂಫೋನಿಯಂ ಎತ್ತಿಕೊಳ್ಳುತ್ತಾರೆ. ಸ್ವರ ಸಲೀಸಾಗಿ ಹರಿಯುತ್ತದೆ, ಎತ್ತಿನ ಏದುಸಿರು ಮಾತ್ರ ಕೇಳಿಸುವುದಿಲ್ಲ.