ಆರು ಗೆರೆ, ಐದು ಗೆರೆ

ಗಿಟಾರ್ ಕಲಿಯಲು ಕೂತವರ ಕೈಗೆ ಮೊದಲು ಸಿಗುವುದು ಟ್ಯಾಬ್. ಆರು ತಂತಿಗೆ ಆರು ಗೆರೆ. ಮೇಲಿನ ಗೆರೆ ತೆಳು ತಂತಿ, ಕೆಳಗಿನದು ದಪ್ಪ ತಂತಿ. ಗೆರೆಯ ಮೇಲಿನ ಅಂಕಿ ಒತ್ತಬೇಕಾದ ಫ್ರೆಟ್, ಅಂದರೆ ಗಿಟಾರಿನ ಕತ್ತಿನ ಮೇಲಿನ ಮನೆ. ಸೊನ್ನೆಯಿದ್ದರೆ ಒತ್ತದೆ ಮೀಟಬೇಕು. ಇಷ್ಟೇ ವಿದ್ಯೆ. ಅದಕ್ಕೇ ಟ್ಯಾಬನ್ನು ಕೀಳಾಗಿ ಕಾಣುವವರಿದ್ದಾರೆ. ಅದು ಅನ್ಯಾಯ. 1536ರಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ಲೂಯಿಸ್ ಮಿಲಾನ್ ಗಿಟಾರಿನ ಬಂಧುವಾದ ವಿಹುವೇಲಾ ವಾದ್ಯಕ್ಕೆಂದು ಅಚ್ಚು ಹಾಕಿಸಿದ 'ಎಲ್ ಮಾಯೆಸ್ತ್ರೊ' ಪುಸ್ತಕ ಇರುವುದು ಟ್ಯಾಬ್‌ನಲ್ಲೇ. ಅದರಲ್ಲಿ ಅಂಕಿಗಳ ಮೇಲೆ ಕಾಲಮಾನದ ಗುರುತುಗಳೂ ಇದ್ದವು. ಇಂದಿನ ಎಷ್ಟೋ ಟ್ಯಾಬ್‌ಗಳಲ್ಲಿ ಅವೇ ಇರುವುದಿಲ್ಲ, ಹಾಗಾಗಿ ಹಾಡು ಮೊದಲೇ ಕಿವಿಯಲ್ಲಿರಬೇಕಾಗುತ್ತದೆ.

ಸ್ವರ ಏರಿದಂತೆ ಗುರುತೂ ಮೇಲೇರುವ ಐದು ಗೆರೆಯ ಸ್ಟಾಫ್ ನೊಟೇಶನ್ ಏಕೆ ಬೇಕೆಂದು ತಿಳಿಯಲು ಗಿಟಾರ್ ಕೃತಿಕಾರ ಫ್ರಾನ್ಸಿಸ್ಕೊ ತಾರೆಗಾ ಅವರ 'ಲಾಗ್ರಿಮಾ' ತೆಗೆದುಕೊಳ್ಳಿ. ಪುಟ್ಟ ಕೃತಿ, ಮೂರು ಎಣಿಕೆಯ ತಾಳ. ಅದರ ಮೊದಲ ಬಾರ್, ಅಂದರೆ ತಾಳದ ಮೊದಲ ಸುತ್ತು, ಟ್ಯಾಬ್‌ನಲ್ಲಿ ಹೀಗಿದೆ: ಒಂದನೇ ತಂತಿಯಲ್ಲಿ 4, 5, 7, ಅವುಗಳ ಜೊತೆಗೇ ನಾಲ್ಕನೇ ತಂತಿಯಲ್ಲಿ 2, 4, 6, ನಡುನಡುವೆ ಎರಡನೇ ತಂತಿಯ ಸೊನ್ನೆ. ಬೆರಳಿಗೆ ಇಷ್ಟು ಸಾಕು. ಆದರೆ ಅದೇ ಬಾರನ್ನು ಐದು ಗೆರೆಯಲ್ಲಿ ನೋಡಿದಾಗ ಎರಡು ದನಿಗಳು ಅಂತರ ಕಾಯ್ದುಕೊಂಡು ಒಟ್ಟೊಟ್ಟಿಗೆ ಮೇಲೇರುವುದು ಕಣ್ಣಿಗೇ ಕಾಣುತ್ತದೆ. ನಡುವಿನ ಸ್ವರ ಮಾತ್ರ ಕದಲದೆ ನಿಂತಿದೆ. ಕಡ್ಡಿ ಮೇಲಕ್ಕಿರುವ ಸ್ವರಗಳು ಮೇಲಿನ ದನಿ, ಕಡ್ಡಿ ಕೆಳಕ್ಕಿರುವವು ಮಂದ್ರದ ದನಿ. ಸರಿಗಮ ಬರೆದುಕೊಂಡು ಕಲಿತ ನಮ್ಮವರಿಗೆ ಇದು ಹೊಸತು: ಅಲ್ಲಿ ಒಂದೇ ದನಿಯ ನಡೆ, ಇಲ್ಲಿ ಒಬ್ಬರ ಕೈಯಲ್ಲೇ ಹಲವು ದನಿ. ಮೊದಲ ಸಲ ಮಂದ್ರವನ್ನಷ್ಟೇ ಹಿಂಬಾಲಿಸಿ ಕೇಳಿ, ಮತ್ತೊಮ್ಮೆ ಮೇಲಿನದನ್ನು. ಅದುವರೆಗೆ ಒಂದೇ ಸದ್ದಾಗಿ ಕೇಳಿದ್ದು ಬಿಡಿಸಿಕೊಳ್ಳುತ್ತದೆ. ಈ ಸುಖವನ್ನು ಯಾವ ರಸಿಕರೂ ಕಳೆದುಕೊಳ್ಳಬಾರದು.

ಐದು ಗೆರೆಗೂ ಒಂದು ಕೊರತೆಯಿದೆ. ಒಂದನೇ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಸ್ವರವೇ ಎರಡನೇ ತಂತಿಯ ಐದನೇ ಫ್ರೆಟ್‌ನಲ್ಲೂ, ಮೂರನೆಯದರ ಒಂಬತ್ತರಲ್ಲೂ ಸಿಗುತ್ತದೆ. ಎತ್ತರ ಒಂದೇ, ನಾದದ ಬಣ್ಣ ಬೇರೆ: ತೆಳು ತಂತಿಯಲ್ಲಿ ಹೊಳಪು, ದಪ್ಪ ತಂತಿಯಲ್ಲಿ ತುಂಬುದನಿ. ಯಾವುದೆಂದು ಹೇಳಲು ವೃತ್ತದೊಳಗೆ ತಂತಿಯ ಸಂಖ್ಯೆ ಬರೆಯುತ್ತಾರೆ. ಟ್ಯಾಬ್‌ಗೆ ಅದರ ಗೊಡವೆಯೇ ಇಲ್ಲ. ಆದ್ದರಿಂದ ಎರಡನ್ನೂ ಒಂದರ ಕೆಳಗೊಂದು ಅಚ್ಚು ಹಾಕಿದ ಪುಸ್ತಕವನ್ನೇ ಕೊಳ್ಳಿ. ಗಿಟಾರ್ ಐದು ಗೆರೆಯಲ್ಲಿ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ ಎಂಬುದೂ ನೆನಪಿರಲಿ.

'ಲಾಗ್ರಿಮಾ'ದ ನಡುವೆ ಗೆರೆಗಳ ಆರಂಭದ ಶಾರ್ಪ್ ಗುರುತುಗಳು ನಾಲ್ಕರಿಂದ ಒಂದಕ್ಕೆ ಇಳಿಯುತ್ತವೆ: ಇ ಮೇಜರ್ ಎಂಬ ಸ್ವರಶ್ರೇಣಿ ಹೋಗಿ ಇ ಮೈನರ್ ಬಂತು. ಭಾವ ಕಪ್ಪಿಡುವುದು ಅಲ್ಲೇ. ಬರೀ ಅಂಕಿಗಳಲ್ಲಿ ಈ ತಿರುವು ಎದ್ದು ಕಾಣುವುದಿಲ್ಲ. ಮುಂದೆ ತಾರೆಗಾ ಅವರದೇ 'ಅಡೆಲಿಟಾ' ಓದಿ. ಅಲ್ಲಿ ದಾರಿ ತಿರುಗುಮುರುಗು, ಮೈನರ್‌ನಿಂದ ಮೇಜರ್‌ಗೆ. ಕೇಳುವ ಮೊದಲೇ ಆ ತಿರುವನ್ನು ಹಾಳೆಯಲ್ಲಿ ಹುಡುಕಿ.