ಫಿಲ್ಟರ್ ಇದೆ, ಕೈ ಹೋಗುವುದಿಲ್ಲ

ಪೇಜ್ ಎನ್ನುವುದು ಅರಿಜೋನಾದ ಉತ್ತರದ ಅಂಚಿನ ಪುಟ್ಟ ಊರು. ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಕಟ್ಟುವ ಕೆಲಸಗಾರರಿಗೆಂದು 1957ರಲ್ಲಿ ಹುಟ್ಟಿದ್ದು. ಅಲ್ಲಿ ನಮ್ಮ ಮೋಟಾರ್‌ಹೋಮ್ ನಿಲ್ಲಿಸಿ ಮಲಗಿ ಎದ್ದ ಎರಡನೆಯ ಬೆಳಿಗ್ಗೆ ಕಾಫಿಗೆ ಹಳೇ ರಬ್ಬರ್ ಚಪ್ಪಲಿಯ ವಾಸನೆ. ಪುಡಿ ಊರಿಂದ ತಂದದ್ದು, ಅದರ ಮೇಲೆ ಗೂಬೆ ಕೂರಿಸುವ ಹಾಗಿಲ್ಲ. ಸಿಂಕಿನ ನಲ್ಲಿ ಪೂರಾ ತಿರುಗಿಸಿದರೂ ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು.

“ರೀ, ಆ ನೀರಿನ ಫಿಲ್ಟರ್ ಕೊನೇ ಸಲ ಯಾವಾಗ ಬದಲಾಯಿಸಿದ್ರಿ?”

“ಬದಲಾಯಿಸೋದಾ? ಅದು ಎಲ್ಲಿದೆ?”

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ಆಗಲೇ ಎರಡು ವರ್ಷ ಕಳೆದಿತ್ತು.

ಹುಡುಕಿದೆವು. ಗಾಡಿಯ ಹೊಟ್ಟೆಯ ಪಕ್ಕದಲ್ಲಿ, ಹೊರಗಿನಿಂದ ತೆರೆಯುವ ನೀರಿನ ಖಾನೆಯೊಂದಿದೆ. ಹೋಸ್ ಪೈಪು ಜೋಡಿಸುವುದು, ಟ್ಯಾಂಕು ಖಾಲಿ ಮಾಡುವುದು ಎಲ್ಲ ಅಲ್ಲೇ. ಅದರೊಳಗೆ ಒಂದು ಪ್ಲಾಸ್ಟಿಕ್ ಹಲಗೆ. ಹಲಗೆಯ ಆರು ಸ್ಕ್ರೂ ಬಿಚ್ಚಿದರೆ ಪಂಪು. ಪಂಪಿನ ಹಿಂದೆ ಪೈಪುಗಳ ಗೋಜಲು, ಆ ಗೋಜಲಿನ ಆಚೆ ಗೋಡೆಗೆ ಅಂಟಿಕೊಂಡು, ಗರ್ಭಗುಡಿಯ ಮೂರ್ತಿಯ ಹಾಗೆ, ಬಿಳಿಯ ಡಬ್ಬಿಯೊಂದು ಟಾರ್ಚಿನ ಬೆಳಕಿಗೆ ದರ್ಶನ ಕೊಟ್ಟಿತು. ನಮ್ಮವರು ನೆಲದ ಮೇಲೆ ಬೋರಲು ಮಲಗಿ ಕೈ ತೂರಿಸಿದರು. ಮೊಣಕೈಗೆ ಬಂದು ನಿಂತಿತು. ಆಮೇಲೆ ನನ್ನ ಸರದಿ. ಬಳೆ ತೆಗೆದಿಟ್ಟು, ಬಳೆಗಾರನ ಮುಂದೆ ಕೂತ ಹಾಗೆ ಹೆಬ್ಬೆರಳು ಒಳಕ್ಕೆ ಮಡಚಿ, ಗೆಣ್ಣು ಒತ್ತಿ ಕೈ ಬಿಟ್ಟೆ. ಡಬ್ಬಿ ಸಿಕ್ಕಿತು. ಆದರೆ ಅದನ್ನು ತಿರುಗಿಸುವ ಬಳೆಯಾಕಾರದ ಸ್ಪ್ಯಾನರಿಗೆ ಅಲ್ಲಿ ಆಡಲು ಜಾಗವಿಲ್ಲ. ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಹೋಗುವಷ್ಟು ತಿರುಗಿಸಿ, ತೆಗೆದು, ಮತ್ತೆ ಹಾಕಿ, ಮತ್ತೆ ಅಷ್ಟೇ ತಿರುಗಿಸಬೇಕು. ಮುಕ್ಕಾಲು ಗಂಟೆಯ ನಂತರ ತಿರುಪು ಸಡಿಲವಾಯಿತು. ಡಬ್ಬಿ ಕೆಳಗಿಳಿಯಬೇಕಲ್ಲ? ಕೆಳಗೆ ಒಂದೇ ಇಂಚು ಜಾಗ, ಒಳಗಿನ ಕಾರ್ಟ್ರಿಜ್ ಕಳಚಿಕೊಳ್ಳಲು ಬೇಕಾದದ್ದು ಎರಡು ಇಂಚು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕಂಪನಿ ಫಿಲ್ಟರ್ ಕೊಟ್ಟಿತ್ತು, ನೆಲ ಕೊಡಲಿಲ್ಲ. ಅಷ್ಟರಲ್ಲಿ ಡಬ್ಬಿ ವಾಲಿ, ಅದರೊಳಗಿದ್ದ ಲೀಟರಿನಷ್ಟು ಕಂದು ನೀರು ಪಂಪಿನ ಮೇಲೆ, ವೈರಿನ ಮೇಲೆ, ನನ್ನ ತೋಳಿನ ಮೇಲೆ ಸುರಿಯಿತು.

ಇಂಥ ಜಾಗದಲ್ಲಿ ಫಿಲ್ಟರ್ ಇಟ್ಟವನಿಗೆ ಬುದ್ಧಿ ಇರಲಿಲ್ಲ ಎಂದು ಆ ಹೊತ್ತಿಗೆ ಬೈದೆ. ಆಮೇಲೆ ಯೋಚಿಸಿದರೆ ತಪ್ಪು ಒಬ್ಬನದಲ್ಲ ಅನ್ನಿಸಿತು. ಮೋಟಾರ್‌ಹೋಮನ್ನು ನೆಲದಿಂದ ಮೇಲಕ್ಕೆ ಕಟ್ಟುತ್ತಾರೆ. ಮೊದಲು ನೆಲಹಲಗೆ, ಟ್ಯಾಂಕು, ಪೈಪು. ಆಮೇಲೆ ಕಪಾಟು, ಗೋಡೆ, ಚಾವಣಿ. ಫಿಲ್ಟರ್ ಕೂರಿಸುವವನಿಗೆ ಅದರ ನಾಲ್ಕೂ ಕಡೆ ಬಯಲು. ಕೈ ಆರಾಮಾಗಿ ಆಡುತ್ತದೆ. ಅವನು ಕೆಲಸ ಮುಗಿಸಿ ಮುಂದಿನ ಗಾಡಿಗೆ ಹೋದ ಮೇಲೆ ಇನ್ನೊಬ್ಬ ಬಂದು ಅಡ್ಡ ಹಲಗೆ ಹೊಡೆಯುತ್ತಾನೆ, ಮತ್ತೊಬ್ಬ ಪಂಪು ತಂದಿಡುತ್ತಾನೆ. ಇಬ್ಬರೂ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ. ಆರು ತಿಂಗಳಾದ ಮೇಲೆ ಅದೇ ಜಾಗಕ್ಕೆ ಯಾರದಾದರೂ ಕೈ ಹೋಗಬೇಕು ಎಂಬುದು ಮಾತ್ರ ಯಾರ ಕೆಲಸದ ಪಟ್ಟಿಯಲ್ಲೂ ಇರುವುದಿಲ್ಲ.

ಕೈ ಹೋಗದ ಫಿಲ್ಟರ್ ಬರೀ ನಿರುಪಯೋಗಿಯಾಗಿದ್ದರೆ ಸುಮ್ಮನಿರಬಹುದಿತ್ತು. ಅದು ಅಪಕಾರವನ್ನೂ ಮಾಡುತ್ತದೆ. ಸಾಮಾನ್ಯವಾಗಿ ಈ ಡಬ್ಬಿಗೆ ಹತ್ತು ಇಂಚಿನ ಕಾರ್ಟ್ರಿಜ್ ಹಿಡಿಸುತ್ತದೆ. 5 ಮೈಕ್ರಾನ್ ರಂಧ್ರದ್ದಾದರೆ ಮಣ್ಣು, ತುಕ್ಕು ತಡೆಯುತ್ತದೆ. ಇದ್ದಿಲಿನದ್ದಾದರೆ ಕ್ಲೋರಿನ್ನನ್ನೂ ವಾಸನೆಯನ್ನೂ ಹೀರುತ್ತದೆ. ಕ್ಲೋರಿನ್ ಹೋದ ನೀರು ರುಚಿ, ನಿಜ. ಆದರೆ ಸೂಕ್ಷ್ಮಜೀವಿಗಳನ್ನು ಹತೋಟಿಯಲ್ಲಿಟ್ಟಿದ್ದದ್ದೂ ಅದೇ ಕ್ಲೋರಿನ್. ಪ್ರವಾಸ ಮುಗಿಸಿ ಗಾಡಿಯನ್ನು ಮೂರು ತಿಂಗಳು ಬಿಸಿಲಲ್ಲಿ ನಿಲ್ಲಿಸಿದರೆ, ಒದ್ದೆ ಕಾರ್ಟ್ರಿಜ್ ಒಳಗೇ ಹುದುಗುತ್ತದೆ. ನಮ್ಮ ಕಾಫಿಯಲ್ಲಿ ಕುಡಿದದ್ದು ಅದನ್ನೇ. ಚಳಿ ಪ್ರದೇಶದವರಿಗೆ ಕಷ್ಟ ಇನ್ನೊಂದು ಬಗೆಯದು. ಡಬ್ಬಿಯಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಪ್ಲಾಸ್ಟಿಕ್ ಸೀಳುತ್ತದೆ. ಚಳಿಗಾಲಕ್ಕೆ ಪೈಪಿನಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಜ್ ಹರಿಸುವ ಮುನ್ನ ಕಾರ್ಟ್ರಿಜ್ ತೆಗೆಯದಿದ್ದರೆ ಅದು ಹಾಳು. ಟ್ಯಾಂಕನ್ನು ಬ್ಲೀಚ್ ಹಾಕಿ ತೊಳೆಯುವಾಗಲೂ ಅಷ್ಟೇ, ಮೊದಲು ಅದನ್ನು ಹೊರತೆಗೆಯಬೇಕು. ಹೀಗೆ ವರ್ಷದಲ್ಲಿ ನಾಲ್ಕಾರು ಸಲ ಕೈ ಬೇಡುವ ವಸ್ತುವನ್ನು ನಾವು ಕೈಗೆ ಸಿಗದಲ್ಲಿ ಇಟ್ಟಿದ್ದೇವೆ.

ಮಾಡಬಹುದಾದದ್ದು ಏನು? ಮೊದಲು ರೋಗ ಅದೇ ಹೌದೋ ನೋಡಿ. ನಮ್ಮ ಗಾಡಿಯಲ್ಲಿ ಟ್ಯಾಂಕಿನಿಂದ ಪಂಪು ಎಳೆಯುವ ನೀರೂ, ಕ್ಯಾಂಪಿನ ನಲ್ಲಿಯಿಂದ ನೇರ ಬರುವ ನೀರೂ ಒಂದೇ ಫಿಲ್ಟರಿನ ಮೂಲಕ ಹೋಗುತ್ತವೆ. ಎರಡರಲ್ಲೂ ಹರಿವು ಸಣ್ಣಗಿದ್ದರೆ ಅನುಮಾನ ಕಾರ್ಟ್ರಿಜ್ ಮೇಲೆ. ಪಂಪು ಓಡಿಸಿದಾಗ ಮಾತ್ರ ಸಣ್ಣಗಾದರೆ, ಪಂಪಿನ ಮೂತಿಯಲ್ಲಿರುವ ಪುಟ್ಟ ಜಾಲರಿ ಕಟ್ಟಿಕೊಂಡಿರಬಹುದು. ಆ ಜಾಲರಿಯನ್ನು ನೆನೆಯುವವರು ಫಿಲ್ಟರನ್ನು ನೆನೆಯುವವರಿಗಿಂತಲೂ ಕಡಿಮೆ.

ಫಿಲ್ಟರೇ ಹೌದಾದರೆ, ಖರ್ಚಿಲ್ಲದ ದಾರಿ ಕೈಚಳಕದ್ದು. ಪಂಪು ಆರಿಸಿ, ಹೊರಗಿನ ನಲ್ಲಿ ನಿಲ್ಲಿಸಿ, ಸಿಂಕಿನ ತಣ್ಣೀರ ನಲ್ಲಿ ತೆರೆದು ಒತ್ತಡ ಇಳಿಸಿ. ತಿರುಪು ಪೂರ್ತಿ ಬಿಚ್ಚುವ ಮುನ್ನ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಕೆಳಗಿನಿಂದ ಡಬ್ಬಿಗೆ ಟೋಪಿಯಂತೆ ತೊಡಿಸಿದರೆ ನೀರು ಚೀಲಕ್ಕೆ ಬೀಳುತ್ತದೆ. ರಬ್ಬರ್ ಬಳೆಯನ್ನು, ಅಂದರೆ ಓ-ರಿಂಗನ್ನು, ಒರೆಸಿ ಬಿರುಕಿದೆಯೇ ನೋಡಿ, ಕುಡಿಯುವ ನೀರಿಗೆ ಆಗುವ ಸಿಲಿಕೋನ್ ಗ್ರೀಸ್ ಸವರಿ. “ಕೊಬ್ಬರಿ ಎಣ್ಣೆ ಇದೆಯಲ್ಲೇ?” ಎಂದು ನಮ್ಮವರು ಕೇಳಿದರು. ಬೇಡ. ಪೆಟ್ರೋಲಿಯಂ ಜೆಲ್ಲಿಯೂ ಬೇಡ, ಅದು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿಬಿಡುತ್ತದೆ. ತಿರುಗಿಸಿ ಕೂರಿಸುವುದು ಬರಿಗೈಯಲ್ಲಿ ಮಾತ್ರ. ಸ್ಪ್ಯಾನರ್ ಇರುವುದು ಬಿಚ್ಚಲಿಕ್ಕೆ. ಅದರಲ್ಲಿ ಬಿಗಿದವರು ಮುಂದಿನ ಸಲ ಅತ್ತೇ ಬಿಚ್ಚಬೇಕು.

ಎರಡನೆಯದು ಒಳಗಿನ ಫಿಲ್ಟರಿಗೆ ನಿವೃತ್ತಿ ಕೊಡುವುದು. ಕಾರ್ಟ್ರಿಜ್ ತೆಗೆದು ಡಬ್ಬಿ ಖಾಲಿ ಬಿಟ್ಟು, ಹೊರಗೆ ಹೋಸ್ ಪೈಪಿನ ಸಾಲಿನಲ್ಲೇ ಫಿಲ್ಟರ್ ಕೂರಿಸುವುದು. ನಲ್ಲಿಯ ಬಾಯಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್, ಅದರಾಚೆ ಫಿಲ್ಟರ್. ಅಮೆರಿಕದ ಕ್ಯಾಂಪುಗಳಲ್ಲಿ ಗಾಡಿಗೊಂದು ನೀಲಿ ಕೊಳವೆ ಹೀಗೆ ನೆಲದ ಮೇಲೆ ಮಲಗಿರುವುದು ಕಾಣುತ್ತದೆ. ಕಣ್ಣೆದುರೇ ಇರುವುದರಿಂದ ಮರೆಯುವುದಿಲ್ಲ. ಕುಂದೂ ಇದೆ. ಇದ್ದಿಲಿನ ಫಿಲ್ಟರಿನ ಮೂಲಕ ಟ್ಯಾಂಕು ತುಂಬಿಸಿದರೆ, ಕ್ಲೋರಿನ್ ಇಲ್ಲದ ನೀರು ದಿನಗಟ್ಟಲೆ ಟ್ಯಾಂಕಿನಲ್ಲಿ ಕೂರುತ್ತದೆ. ಆದ್ದರಿಂದ ಹೊರಗೆ ಮಣ್ಣು ತಡೆಯುವ ಕಾರ್ಟ್ರಿಜ್, ಒಳಗೆ ಕುಡಿಯುವ ನಲ್ಲಿಗೆ ಮಾತ್ರ ಇದ್ದಿಲಿನದ್ದು ಎಂದು ಕೆಲಸ ಹಂಚಿದರೆ ಒಳ್ಳೆಯದು. ಪಾರದರ್ಶಕ ಡಬ್ಬಿಯನ್ನು ಬಿಸಿಲಲ್ಲಿ ಬಿಟ್ಟರೆ ಪಾಚಿ ಕಟ್ಟುತ್ತದೆ. ಒಂದು ಹಳೇ ಟವೆಲ್ ಹೊದಿಸಿ.

ನಾವು ಆರಿಸಿಕೊಂಡದ್ದು ಮೂರನೆಯ ದಾರಿ. ಪಕ್ಕದ ಗಾಡಿಯ ಹಿರಿಯರೊಬ್ಬರು, ನನ್ನ ಒದ್ದೆ ತೋಳು ನೋಡಿಯೇ ವಿಷಯ ತಿಳಿದವರು, ಹೇಳಿಕೊಟ್ಟದ್ದು. ಫಿಲ್ಟರನ್ನು ಗೋಡೆಗೆ ಹಿಡಿದಿದ್ದ ಬ್ರಾಕೆಟ್ಟಿನ ಸ್ಕ್ರೂ ಬಿಚ್ಚಿ, ಅದರ ಎರಡೂ ಬದಿಯ ಗಟ್ಟಿ ಪೈಪು ಕತ್ತರಿಸಿ, ಅಲ್ಲಿಗೆ ಒಂದೂವರೆ ಅಡಿ ಉದ್ದದ ಬಾಗುವ ಪೈಪು ಜೋಡಿಸಿದೆವು. ಕುಡಿಯುವ ನೀರಿಗೆಂದೇ ಮಾಡಿದ ಪೈಪು. ಕತ್ತರಿಸುವ ಮುಂಚೆ ಒಳಹರಿವು ಯಾವುದು, ಹೊರಹರಿವು ಯಾವುದು ಎಂದು ಟೇಪು ಸುತ್ತಿ ಬರೆದಿಟ್ಟದ್ದು ಒಳ್ಳೆಯದಾಯಿತು; ತಿರುಗುಮುರುಗಾದರೆ ಹರಿವು ಕಟ್ಟುತ್ತದೆ. ಈಗ ಬೇಕೆಂದಾಗ ಇಡೀ ಫಿಲ್ಟರನ್ನು ಬಾಗಿಲವರೆಗೆ ಎಳೆದುಕೊಳ್ಳುತ್ತೇವೆ, ಕೆಲಸವೆಲ್ಲ ಬಕೆಟ್ಟಿನ ಮೇಲೆಯೇ. ಮುಗಿದ ಮೇಲೆ ಒಳಗೆ ತಳ್ಳಿ, ಗಾಡಿಯ ಕುಲುಕಾಟಕ್ಕೆ ಅಲ್ಲಾಡದ ಹಾಗೆ ಪಟ್ಟಿ ಬಿಗಿಯುತ್ತೇವೆ. ನೀರು ಬೇಕೆಂದು ಯಾರೂ ಬಾವಿಗೆ ಇಳಿಯುವುದಿಲ್ಲವಲ್ಲ, ಹಗ್ಗ ಕಟ್ಟಿ ಕೊಡವನ್ನೇ ಮೇಲಕ್ಕೆ ಸೇದುತ್ತಾರೆ. ಎರಡು ವರ್ಷ ನಾವು ಬಾವಿಯ ಬಾಯಲ್ಲಿ ನಿಂತು ಹಗ್ಗ ಮರೆತಿದ್ದೆವು.

ಶಿವಮೊಗ್ಗದ ನಮ್ಮ ಮನೆಯಲ್ಲಿ ಅಡುಗೆಕಟ್ಟೆಯ ಮೇಲೆ ಎರಡು ಅಂತಸ್ತಿನ ಸ್ಟೀಲ್ ಫಿಲ್ಟರ್ ಇತ್ತು. ಮಳೆಗಾಲದಲ್ಲಿ ತುಂಗೆ ಕೆಂಪಾದಾಗ ಅದರೊಳಗಿನ ಬಿಳಿ ಕ್ಯಾಂಡಲ್ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಮುಚ್ಚಳ ತೆಗೆದು ನೋಡಿ, “ಇವತ್ತು ಉಜ್ಜಬೇಕು ಕಣೇ” ಎನ್ನುತ್ತಿದ್ದಳು. ಭಾನುವಾರ ಎಂದು ಗೊತ್ತು ಮಾಡಿದ್ದರೂ ಮಳೆ ಜೋರಾದ ವಾರ ಎರಡು ಸಲ ಆಗುತ್ತಿತ್ತು. ಅವಳಿಗೆ ಮೈಕ್ರಾನ್ ಲೆಕ್ಕ ಗೊತ್ತಿರಲಿಲ್ಲ. ಅದು ದಿನಾ ಕಣ್ಣಿಗೆ ಬೀಳುತ್ತಿತ್ತು, ಕೈಗೆ ಸಿಗುತ್ತಿತ್ತು, ಅಷ್ಟೆ. ನಮ್ಮ ಗಾಡಿಯದು ಅದಕ್ಕಿಂತ ದುಬಾರಿ ಕಾರ್ಟ್ರಿಜ್. ಎರಡು ವರ್ಷ ಅದರ ಮುಖ ನೋಡಿದವರೇ ಇರಲಿಲ್ಲ.

ಮೋಟಾರ್‌ಹೋಮ್ ಕೊಳ್ಳುವವರಿಗೆ, ಬಾಡಿಗೆಗೆ ಪಡೆಯುವವರಿಗೂ, ನನ್ನದೊಂದು ಮಾತು. ಸೋಫಾದ ಮೆತ್ತೆ, ಟಿವಿಯ ಅಗಲ ಆಮೇಲೆ ನೋಡಿ. ಮೊದಲು ಟಾರ್ಚ್ ಹಿಡಿದು ನೀರಿನ ಖಾನೆಯ ಮುಂದೆ ಕುಕ್ಕರುಗಾಲಲ್ಲಿ ಕೂರಿ. ಮಾರುವವನಿಗೆ, “ಫಿಲ್ಟರ್ ಹೇಗೆ ಬದಲಾಯಿಸೋದು ಅಂತ ಬಾಯಲ್ಲಿ ಹೇಳಬೇಡಿ, ಬದಲಾಯಿಸಿ ತೋರಿಸಿ” ಎನ್ನಿ. ಡಬ್ಬಿಯ ಕೆಳಗೆ ಅಂಗೈ ಆಡುವಷ್ಟು ಜಾಗ ಇದೆಯೋ, ಪಕ್ಕದಲ್ಲಿ ಸ್ಪ್ಯಾನರ್ ಕಾಲು ಸುತ್ತಾದರೂ ತಿರುಗುತ್ತದೋ, ನೀರು ಚೆಲ್ಲಿದರೆ ಬೀಳುವುದು ನೆಲಕ್ಕೋ ವೈರಿಗೋ ನೋಡಿ. ಅವನು ಅಂಗಿಯ ತೋಳು ಮೇಲೇರಿಸಲು ಹಿಂದೆಮುಂದೆ ನೋಡಿದರೆ ಬೆಲೆ ಇಳಿಸಲು ಕೇಳಿ.

ಕಳೆದ ಭಾನುವಾರ ಹೊಸ ಕಾರ್ಟ್ರಿಜ್ ಹಾಕಿದೆ. ಮಾರ್ಕರಿನಲ್ಲಿ ಅದರ ಮೈಮೇಲೆ ತಾರೀಕು ಬರೆದು ಮುಚ್ಚಿದೆ. ಕಾಫಿ ಸೋಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಕೈ ಒರೆಸಿಕೊಳ್ಳುವಾಗ ನೋಡಿದೆ, ಬಳೆ ಕೈಯಲ್ಲೇ ಇದ್ದವು.