ಜೊತೆಯ ಪಯಣ, ಒಂಟಿಯ ಶೋಧ: ಜರ್ಮನಿಯ ಒಂದು ಚಳಿಗಾಲ ಮತ್ತು ಇಬ್ಬರು ಕವಿಗಳು

ಪ್ರವಾಸ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ಪ್ರವಾಸಿಗನನ್ನು ಎರಡು ಬಗೆಯಾಗಿ ಗುರುತಿಸುವುದುಂಟು. ಸಂಗಾತಿಗಳೊಡನೆ ಹೊರಟು, ಕಂಡದ್ದನ್ನು ಅವರೊಡನೆ ಹಂಚಿಕೊಳ್ಳುತ್ತ ಸಾಗುವವನು ಒಬ್ಬ. ಒಬ್ಬನೇ ಅಲೆದು, ಪರನಾಡಿನ ಜೊತೆಗೆ ತನ್ನ ಒಳಗನ್ನೂ ಶೋಧಿಸುವವನು ಇನ್ನೊಬ್ಬ. ಮೊದಲನೆಯವನಿಂದ ಮಾಹಿತಿ, ಎರಡನೆಯವನಿಂದ ಕಾವ್ಯ ಎಂಬ ಎಣಿಕೆಯೂ ಈ ವಿಂಗಡಣೆಯ ಬೆನ್ನಿಗೇ ಬರುತ್ತದೆ. ಈ ಎಣಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸಲು ಇಂಗ್ಲಿಷ್ ಕವಿಗಳಾದ ವಿಲಿಯಂ ವರ್ಡ್ಸ್‌ವರ್ತ್ ಮತ್ತು ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್ ಅವರ 1798–99ರ ಜರ್ಮನಿ ಪ್ರವಾಸಕ್ಕಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಅವರು ಒಟ್ಟಿಗೆ ಹೊರಟರು. ಎರಡು ವಾರಗಳಲ್ಲಿ ಬೇರೆಯಾದರು. ಕೊರೆಯುವ ಚಳಿಗಾಲವನ್ನು ಬೇರೆ ಬೇರೆ ಊರುಗಳಲ್ಲಿ ಕಳೆದರು. ಆ ಅಗಲಿಕೆಯಲ್ಲಿ ಹುಟ್ಟಿದ ಬರೆಹ ಇಂಗ್ಲಿಷ್ ಕಾವ್ಯದ ದಿಕ್ಕನ್ನೇ ಬದಲಿಸಿತು.

1798ರ ಸೆಪ್ಟೆಂಬರ್ 16ರಂದು ಯಾರ್ಮತ್ ಬಂದರಿನಿಂದ ಹೊರಟ ತಂಡದಲ್ಲಿ ನಾಲ್ವರಿದ್ದರು: ಇಬ್ಬರು ಕವಿಗಳು, ವರ್ಡ್ಸ್‌ವರ್ತನ ತಂಗಿ ಡೊರೊತಿ, ಕೋಲ್‌ರಿಜನ ಅಭಿಮಾನಿ ಗೆಳೆಯ ಜಾನ್ ಚೆಸ್ಟರ್. ಇಬ್ಬರು ಕವಿಗಳೂ ಸೇರಿ ಸಿದ್ಧಪಡಿಸಿದ್ದ ‘ಲಿರಿಕಲ್ ಬ್ಯಾಲಡ್ಸ್’ ಆಗಷ್ಟೇ ಪ್ರಕಟಣೆಯ ಹಂತದಲ್ಲಿತ್ತು. ಜರ್ಮನ್ ಭಾಷೆಯನ್ನೂ ಅಲ್ಲಿನ ಜ್ಞಾನಶಾಖೆಗಳನ್ನೂ ಅರಿಯುವುದು ಪ್ರವಾಸದ ಘೋಷಿತ ಉದ್ದೇಶ. ಹ್ಯಾಂಬರ್ಗಿನಲ್ಲಿ ವೃದ್ಧಕವಿ ಕ್ಲಾಪ್‌ಸ್ಟಾಕ್‌ನನ್ನು ಇಬ್ಬರೂ ಕೂಡಿ ಕಂಡರು. ಜರ್ಮನ್ ಬಾರದ ವರ್ಡ್ಸ್‌ವರ್ತ್ ಆತನೊಡನೆ ಫ್ರೆಂಚಿನಲ್ಲಿ ಮಾತನಾಡಿದನು. ಅಕ್ಟೋಬರ್ ಮೊದಲ ವಾರದಲ್ಲಿ ದಾರಿ ಕವಲೊಡೆಯಿತು. ಚೆಸ್ಟರನೊಡನೆ ಕೋಲ್‌ರಿಜ್ ಉತ್ತರದ ಸರೋವರ ಪಟ್ಟಣವಾದ ರಾಟ್ಸೆಬುರ್ಗಿಗೆ ಹೋದನು. ಅಣ್ಣತಂಗಿಯರು ದಕ್ಷಿಣಕ್ಕೆ, ಹಾರ್ಟ್ಸ್ ಬೆಟ್ಟಗಳ ಅಂಚಿನ ಹಳೆಯ ನಗರವಾದ ಗೋಸ್ಲಾರಿಗೆ ತೆರಳಿದರು.

ಈ ಅಗಲಿಕೆಗೆ ಮನಸ್ತಾಪವನ್ನು ಕಾರಣವಾಗಿ ಕಲ್ಪಿಸಬೇಕಾಗಿಲ್ಲ. ಒಟ್ಟಿಗಿದ್ದರೆ ಇಂಗ್ಲಿಷ್ ಮಾತೇ ನಡೆದು ಜರ್ಮನ್ ಕಲಿಕೆ ಹಿಂದುಳಿಯುತ್ತದೆ ಎಂಬುದು ಒಂದು ಕಾರಣ. ಖರ್ಚಿನ ಪ್ರಶ್ನೆ ಮತ್ತೊಂದು. ವೆಜ್‌ವುಡ್ ಸೋದರರು ಗೊತ್ತುಪಡಿಸಿದ್ದ ವಾರ್ಷಿಕ 150 ಪೌಂಡುಗಳ ಆಸರೆ ಕೋಲ್‌ರಿಜನಿಗಿತ್ತು. ವರ್ಡ್ಸ್‌ವರ್ತರು ಅಗ್ಗದ ಊರನ್ನು ಹುಡುಕಬೇಕಾಗಿತ್ತು. ಹೀಗೆ ಏಕಾಂತ ಇಲ್ಲಿ ಆದರ್ಶವಾಗಿ ಬಂದದ್ದಲ್ಲ, ಅನುಕೂಲದ ಏರ್ಪಾಡಾಗಿ ಬಂದದ್ದು.

ಎರಡು ಊರುಗಳ ಚಳಿಗಾಲಗಳು ಒಂದನ್ನೊಂದು ಹೋಲುವುದಿಲ್ಲ. ಕೋಲ್‌ರಿಜ್ ರಾಟ್ಸೆಬುರ್ಗಿನಲ್ಲಿ ಪಾದ್ರಿಯೊಬ್ಬರ ಮನೆಯಲ್ಲಿ ನೆಲೆಸಿ, ನೆಲಮಾಳಿಗೆಯಿಂದ ಚಾವಣಿಯವರೆಗೆ ಕಣ್ಣಿಗೆ ಬಿದ್ದ ವಸ್ತುಗಳಿಗೆಲ್ಲ ಜರ್ಮನ್ ಹೆಸರು ಕೇಳುತ್ತ ಭಾಷೆ ಕಲಿತನು. 1799ರ ಫೆಬ್ರವರಿಯಲ್ಲಿ ಗಟಿಂಗನ್ ವಿಶ್ವವಿದ್ಯಾಲಯವನ್ನು ಸೇರಿ ಬ್ಲೂಮೆನ್‌ಬಾಖ್‌ನ ಶರೀರವಿಜ್ಞಾನ ಹಾಗೂ ನಿಸರ್ಗವಿಜ್ಞಾನದ ಉಪನ್ಯಾಸಗಳನ್ನು ಕೇಳಿದನು. ಗೋಸ್ಲಾರಿನಲ್ಲಿ ಇದಕ್ಕೆ ತದ್ವಿರುದ್ಧ. ಊರಿನ ಜನರ ಒಡನಾಟವಿಲ್ಲ, ಗ್ರಂಥಾಲಯವಿಲ್ಲ, ಭಾಷೆಯೂ ಹತ್ತಲಿಲ್ಲ. ತಂಗಿಯನ್ನು ಕರೆದುಕೊಂಡು ಬಂದ ಅವಿವಾಹಿತನನ್ನು ಜನ ಅನುಮಾನದಿಂದ ನೋಡುತ್ತಾರೆ, ‘ತಂಗಿ’ ಎಂಬ ಮಾತಿಗೆ ಅಲ್ಲಿ ಬೇರೆಯೇ ಅರ್ಥ ಹಚ್ಚುತ್ತಾರೆ ಎಂದು ಕೋಲ್‌ರಿಜ್ ಪತ್ರದಲ್ಲಿ ವಿವರಿಸಿದ್ದಾನೆ. ವರ್ಡ್ಸ್‌ವರ್ತ್ ಮಲಗುತ್ತಿದ್ದ ಕೋಣೆ ಎಷ್ಟು ತಣ್ಣಗಿತ್ತೆಂದರೆ, ಯಾವುದಾದರೊಂದು ರಾತ್ರಿ ಈತ ಹೆಪ್ಪುಗಟ್ಟಿ ಸತ್ತಾನು ಎಂದು ಮನೆಯವರು ನಿರ್ದಾಕ್ಷಿಣ್ಯವಾಗಿ ಆಡುತ್ತಿದ್ದರಂತೆ. ಹಗಲಿನಲ್ಲಿ ಕೋಟೆಗೋಡೆಯ ಮೇಲೂ ಕೊಳವಿದ್ದ ಉದ್ಯಾನದಲ್ಲೂ ಆತ ಒಬ್ಬನೇ ಅಡ್ಡಾಡುತ್ತಿದ್ದನು. ಅಲ್ಲಿ ಜೊತೆಗಿದ್ದದ್ದು ಒಂದು ಮಿಂಚುಳ್ಳಿ ಮಾತ್ರ. 1843ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಇಸಬೆಲ್ಲಾ ಫೆನ್‌ವಿಕ್‌ಗೆ ಬರೆಯಿಸಿದ ಟಿಪ್ಪಣಿಗಳಲ್ಲಿ ಕವಿ ಈ ಸಂಗತಿಗಳನ್ನು ನೆನೆದಿದ್ದಾನೆ.

ಪ್ರವಾಸದ ಘೋಷಿತ ಉದ್ದೇಶದಿಂದ ಅಳೆದರೆ ಕೋಲ್‌ರಿಜ್ ಗೆದ್ದನು, ವರ್ಡ್ಸ್‌ವರ್ತ್ ಸೋತನು. ಕಾವ್ಯದಿಂದ ಅಳೆದರೆ ತಕ್ಕಡಿ ಮಗುಚಿಕೊಳ್ಳುತ್ತದೆ. ಓದಲು ಪುಸ್ತಕಗಳಿಲ್ಲದ್ದರಿಂದ ಆತ್ಮರಕ್ಷಣೆಗಾಗಿ ಬರೆಯಬೇಕಾಯಿತು ಎಂದು ವರ್ಡ್ಸ್‌ವರ್ತ್ ಗೆಳೆಯನಿಗೆ ತಿಳಿಸಿದ್ದಾನೆ. ‘ಲೂಸಿ’ ಕವಿತೆಗಳಲ್ಲಿ ಹಲವು ಆ ಚಳಿಗಾಲದವು. ಮುಂದೆ ‘ದಿ ಪ್ರಿಲ್ಯೂಡ್’ ಎಂದು ಹೆಸರಾದ ಆತ್ಮಕಥನ ಕಾವ್ಯದ ಮೊದಲ ಭಾಗಗಳು ಅಲ್ಲಿಯೇ ರೂಪುಗೊಂಡವು. ಪರದೇಶದಲ್ಲಿ ಕುಳಿತವನು ಪರದೇಶವನ್ನು ಬಣ್ಣಿಸಲಿಲ್ಲ; ಬಾಲ್ಯದ ಸರೋವರ, ಕದ್ದು ಹತ್ತಿದ ದೋಣಿ, ಹೆಪ್ಪುಗಟ್ಟಿದ ನೀರಿನ ಮೇಲೆ ಜಾರುತ್ತಿದ್ದ ಸಂಜೆಗಳನ್ನು ಬರೆದನು. ಶೋಧ ಸ್ಥಳದಿಂದ ಕಾಲಕ್ಕೆ ತಿರುಗಿತು.

ಇಷ್ಟನ್ನೇ ನೋಡಿದವರಿಗೆ ಏಕಾಂತವೇ ಕಾವ್ಯದ ತಾಯಿ ಎಂಬ ತೀರ್ಮಾನ ಸಹಜವಾಗಿ ಕಾಣುತ್ತದೆ. ವಾಸ್ತವದಲ್ಲಿ ಆ ಕವಿತೆಗಳು ಹುಟ್ಟಿದ ಕೆಲಕಾಲದಲ್ಲೇ ಪತ್ರಗಳನ್ನೇರಿ ರಾಟ್ಸೆಬುರ್ಗಿಗೆ ಹೋದವು. ದೋಣಿಯ ಮತ್ತು ಮಂಜಿನ ಮೇಲೆ ಜಾರುವ ಭಾಗಗಳು, ಎರಡು ‘ಲೂಸಿ’ ಕವಿತೆಗಳು 1798ರ ಕೊನೆಯ ಹೊತ್ತಿಗೆ ಕೋಲ್‌ರಿಜನ ಕೈಸೇರಿದ್ದವು. ಆತನೂ ಅದೇ ಚಳಿಗಾಲದಲ್ಲಿ ರಾಟ್ಸೆಬುರ್ಗಿನ ಹೆಪ್ಪುಗಟ್ಟಿದ ಸರೋವರವನ್ನು, ಮಂಜುಗಡ್ಡೆ ಬಿರಿಯುವ ಗುಡುಗನ್ನು ಹೆಂಡತಿಗೆ ಬರೆದ ಪತ್ರದಲ್ಲಿ ಬಣ್ಣಿಸಿದನು. 1809ರ ಡಿಸೆಂಬರಿನಲ್ಲಿ ತನ್ನ ‘ದಿ ಫ್ರೆಂಡ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ತನ್ನ ಸರೋವರ ವರ್ಣನೆಯನ್ನೂ ವರ್ಡ್ಸ್‌ವರ್ತನ ಆ ಭಾಗವನ್ನೂ ಪ್ರಕಟಿಸಿದನು. ಬೇರೆ ಬೇರೆ ಊರುಗಳಲ್ಲಿ ಬರೆದ ಎರಡು ಮಂಜಿನ ಚಿತ್ರಗಳು ಹನ್ನೊಂದು ವರ್ಷಗಳ ಅನಂತರ ಅಕ್ಕಪಕ್ಕ ಕುಳಿತವು.

ಇನ್ನೂ ಮುಖ್ಯವಾದ ಸಂಗತಿ ಕಾವ್ಯದ ರಚನೆಯೊಳಗೇ ಇದೆ. ಆ ಆತ್ಮಕಥನ ಕಾವ್ಯ ಆದ್ಯಂತವಾಗಿ ‘ಗೆಳೆಯ’ನನ್ನು ಸಂಬೋಧಿಸುತ್ತದೆ, ಆ ಗೆಳೆಯ ಕೋಲ್‌ರಿಜ್. 1850ರಲ್ಲಿ, ಕವಿಯ ಮರಣಾನಂತರ, ಪತ್ನಿ ಮೇರಿ ಅದಕ್ಕೆ ಈಗಿನ ಹೆಸರನ್ನು ಕೊಡುವವರೆಗೆ ಮನೆಮಂದಿಯ ನಡುವೆ ಅದು ಕೋಲ್‌ರಿಜನಿಗೆ ಬರೆದ ಕಾವ್ಯವೆಂದೇ ಗುರುತಾಗಿತ್ತು. ಅಂದಮೇಲೆ ಗೋಸ್ಲಾರಿನ ಒಂಟಿತನ ಕೇಳುಗನಿಲ್ಲದ ಒಂಟಿತನವಲ್ಲ. ಜೊತೆಯಲ್ಲಿದ್ದಾಗ ಸಂಭಾಷಣೆಯಲ್ಲಿ ಕರಗಿಹೋಗುತ್ತಿದ್ದದ್ದು, ಗೆಳೆಯ ದೂರವಾದಾಗ ಕಾವ್ಯವಾಗಿ ನಿಂತಿತು. ಕೇಳುಗ ಇರಬೇಕು, ಆದರೆ ಎದುರಿಗಿರಬಾರದು ಎಂಬ ಈ ವಿಚಿತ್ರ ನಿಯಮವೇ ಆ ಚಳಿಗಾಲದ ಬರೆಹದ ಮೂಲಸೂತ್ರ.

‘ಒಬ್ಬನೇ’ ಎಂಬ ಪದವನ್ನೂ ಇಲ್ಲಿ ಎಚ್ಚರದಿಂದ ಬಳಸಬೇಕಾಗುತ್ತದೆ. ಗೋಸ್ಲಾರಿನ ಕೋಣೆಯಲ್ಲಿ ಡೊರೊತಿ ಇದ್ದಳು. ಕವಿತೆಗಳನ್ನು ಗೆಳೆಯನಿಗಾಗಿ ಪತ್ರಗಳಲ್ಲಿ ನಕಲು ಮಾಡಿದವಳು ಆಕೆ. ತುಪ್ಪಟದ ನಿಲುವಂಗಿ ಮತ್ತು ಕರಿಯ ತುಪ್ಪಟದ ಟೊಪ್ಪಿಗೆ ತೊಟ್ಟು ಹೊರಹೊರಡುವ ಅಣ್ಣನ ಚಿತ್ರವನ್ನು ಉಳಿಸಿಕೊಟ್ಟವಳೂ ಆಕೆಯೇ. ಅದೇ ಚಳಿಯಲ್ಲಿ ಕವಿ ಬರೆದ ಒಂದು ಲಘು ಕವಿತೆಯಲ್ಲಿ ಅಗ್ಗಿಷ್ಟಿಕೆಯ ಬಳಿ ಶಾಖಕ್ಕಾಗಿ ತೆವಳುವ ನೊಣವೊಂದು ಬರುತ್ತದೆ. ಅದಕ್ಕೆ ಸೋದರನಿಲ್ಲ, ಸಂಗಾತಿಯಿಲ್ಲ. ತನಗಾದರೋ ಬೆಚ್ಚಗಿನ ಪ್ರೀತಿ ಪಕ್ಕದಲ್ಲಿದೆ ಎಂದು ಅಲ್ಲಿನ ನಿರೂಪಕ ಸಮಾಧಾನ ಪಡುತ್ತಾನೆ. ಏಕಾಂತದ ಕವಿಯೆಂದು ವರ್ಡ್ಸ್‌ವರ್ತನನ್ನು ಹೊಗಳುವ ವಿಮರ್ಶೆ ಈ ಸಾಕ್ಷ್ಯವನ್ನು ದಾಟಿ ಹೋಗುವಂತಿಲ್ಲ.

ಈ ಶೋಧಕ್ಕೆ ತೆರಬೇಕಾದ ಬೆಲೆಯೂ ಇತ್ತು. ಅದನ್ನು ತೆತ್ತವರು ಪ್ರವಾಸಿಗರು ಮಾತ್ರವಲ್ಲ. ಕೋಲ್‌ರಿಜ್ ಹೊರಟಾಗ ಆತನ ಎರಡನೆಯ ಮಗು ಬರ್ಕ್‌ಲಿಗೆ ನಾಲ್ಕು ತಿಂಗಳು. 1799ರ ಫೆಬ್ರವರಿ 10ರಂದು, ತಂದೆ ರಾಟ್ಸೆಬುರ್ಗಿನಿಂದ ಗಟಿಂಗನ್‌ಗೆ ಸಾಗುತ್ತಿದ್ದ ದಿನಗಳಲ್ಲಿ, ಆ ಮಗು ತೀರಿಕೊಂಡಿತು. ಕೋಲ್‌ರಿಜನ ಅಧ್ಯಯನಕ್ಕೆ ಭಂಗ ಬರಬಾರದೆಂದು ಗೆಳೆಯ ಥಾಮಸ್ ಪೂಲ್ ಸುದ್ದಿಯನ್ನು ತಡೆದಿರಿಸಿ, ಮಾರ್ಚ್ ತಿಂಗಳಲ್ಲಿ ಪತ್ರ ಬರೆದನು. ಅದು ಕೈಸೇರಿದ್ದು ಏಪ್ರಿಲ್‌ನಲ್ಲಿ. ಪತ್ನಿ ಸಾರಾ ಆ ವಾರಗಳ ದುಃಖವನ್ನು ಗಂಡನಿಲ್ಲದ ಮನೆಯಲ್ಲಿ ಸಹಿಸಿದಳು. ಸುದ್ದಿ ತಿಳಿದ ಮೇಲೂ ಕೋಲ್‌ರಿಜ್ ಕೂಡಲೇ ಹಿಂದಿರುಗಲಿಲ್ಲ. ಮೇ ತಿಂಗಳಲ್ಲಿ ಬ್ರೋಕನ್ ಶಿಖರವನ್ನೇರಿದನು. ಮನೆ ತಲಪಿದ್ದು ಜುಲೈನಲ್ಲಿ.

ಏಪ್ರಿಲ್ 6ರಂದು ಪೂಲನಿಗೆ ಬರೆದ ಉತ್ತರದಲ್ಲಿ ಕೋಲ್‌ರಿಜ್ ಮಗುವಿನ ಸಾವನ್ನು ಕುರಿತು ಮಾತನಾಡುತ್ತ, ಕೆಲವು ತಿಂಗಳ ಹಿಂದೆ ವರ್ಡ್ಸ್‌ವರ್ತ್ ಕಳುಹಿಸಿದ್ದ ಎಂಟು ಸಾಲಿನ ‘ಲೂಸಿ’ ಕವಿತೆಯೊಂದನ್ನು ಬರೆದುಕೊಟ್ಟನು. ತಂಗಿ ಸಾಯಬಹುದೆಂದು ಯಾವುದೋ ಮಂಕು ಕವಿದ ಗಳಿಗೆಯಲ್ಲಿ ಕಲ್ಪಿಸಿಕೊಂಡು ಕವಿ ಅದನ್ನು ಬರೆದಿರಬಹುದೆಂದು ಊಹಿಸಿದನು. ಒಬ್ಬನ ಏಕಾಂತದಲ್ಲಿ ಹುಟ್ಟಿದ ಚರಮಗೀತೆ ಮತ್ತೊಬ್ಬನ ನಿಜವಾದ ಸಾವಿನ ಮನೆಗೆ ಮಾತಾಗಿ ಒದಗಿತು. ದೂರದಲ್ಲಿದ್ದ ಗೆಳೆತನ ಮಾಡಬಹುದಾದ ಅತಿ ದೊಡ್ಡ ಉಪಕಾರವಿದು. ಅದರ ಮಿತಿಯೂ ಇಲ್ಲಿಯೇ ಕಾಣುತ್ತದೆ: ಕವಿತೆ ತಂದೆಯನ್ನು ತಲಪಿತು, ತಂದೆ ತಾಯಿಯನ್ನು ತಲಪಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಗೋಸ್ಲಾರನ್ನು ಬಿಟ್ಟು ಕಾಲ್ನಡಿಗೆಯಲ್ಲಿ ಹಾರ್ಟ್ಸ್ ಬೆಟ್ಟಗಳನ್ನು ದಾಟಿದ್ದ ಅಣ್ಣತಂಗಿಯರು ಅದೇ ಏಪ್ರಿಲ್‌ನಲ್ಲಿ ಗಟಿಂಗನ್‌ನಲ್ಲಿ ಗೆಳೆಯನನ್ನು ಕಂಡು ಇಂಗ್ಲೆಂಡಿಗೆ ಮರಳಿದರು. ಇನ್ನು ಮುಂದೆ ಹತ್ತಿರವಿರಲಾಗದೇನೋ ಎಂಬ ಯೋಚನೆಗೆ ವರ್ಡ್ಸ್‌ವರ್ತ್ ಕಣ್ಣೀರಿಟ್ಟನೆಂದು ಕೋಲ್‌ರಿಜ್ ದಾಖಲಿಸಿದ್ದಾನೆ. ಒಂಟಿಯಾಗಿದ್ದು ತನ್ನ ಶ್ರೇಷ್ಠ ಬರೆಹವನ್ನು ಆರಂಭಿಸಿದ ಕವಿಯ ಈ ಕಣ್ಣೀರನ್ನು ವಿಮರ್ಶೆ ಭಾವುಕತೆಯೆಂದು ಬದಿಗಿಡಲಾಗದು. ಜೊತೆ ಮತ್ತು ಏಕಾಂತಗಳು ಪ್ರವಾಸದ ಎರಡು ಬಗೆಗಳಲ್ಲ, ಒಂದೇ ಪ್ರವಾಸದ ಎರಡು ಗಳಿಗೆಗಳು ಎಂಬುದಕ್ಕೆ ಅದು ಸಾಕ್ಷಿ. ಪ್ರವಾಸ ಸಾಹಿತ್ಯದ ಅಧ್ಯಯನ ಒಂಟಿ ಪ್ರವಾಸಿಗನ ಕಣ್ಣನ್ನು ಮೆಚ್ಚುವಾಗ ಅವನು ಯಾರಿಗಾಗಿ ಕಂಡನು, ಅವನಿಲ್ಲದ ಮನೆಯಲ್ಲಿ ಯಾರು ಏನನ್ನು ಸಹಿಸಿದರು ಎಂಬ ಎರಡು ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ. ಮೊದಲನೆಯ ಪ್ರಶ್ನೆಗೆ ಗೋಸ್ಲಾರಿನ ಕಾವ್ಯ ಉತ್ತರಿಸುತ್ತದೆ. ಎರಡನೆಯದಕ್ಕೆ ಉತ್ತರ ಸಾರಾಳ ಮನೆಯಲ್ಲಿದೆ.